ಹೊಳಪಿಗೆ ಬೆಲೆ ಕಟ್ಟಬೇಡಿ: ಹಳೇ ತೋಟೆ ಮಾರುವವರ ಜೊತೆ ಒಂದು ಜಗಳ

ನಮಸ್ಕಾರ. ಇವತ್ತಿನ ವಿಷಯ ಕೇಳಿ ಕೆಲವರು ಮೂಗು ಮುರೀಬಹುದು, ಇನ್ನು ಕೆಲವರು ವಾಲ್ಯೂಮ್ ಜಾಸ್ತಿ ಮಾಡಬಹುದು. ಶೂಟಿಂಗ್ ರೇಂಜ್‌ನಲ್ಲಿ ಗುಂಡು ಹಾರಿದ ಮೇಲೆ ನೆಲದ ಮೇಲೆ ಉಳಿಯುತ್ತಲ್ಲ ಹಿತ್ತಾಳೆಯ ಖಾಲಿ ತೋಟೆ, ಅದನ್ನ ಆರಿಸಿ ರೀಲೋಡಿಂಗ್ ಮಾಡೋರಿಗೆ, ಅಂದ್ರೆ ಅದಕ್ಕೇ ಮತ್ತೆ ಮದ್ದು, ಗುಂಡು ತುಂಬಿ ಬಳಸೋರಿಗೆ, ಮಾರೋ ವ್ಯಾಪಾರದ ಬಗ್ಗೆ ಮಾತಾಡೋಣ. ಅಮೆರಿಕದಲ್ಲಿ, ಅದರಲ್ಲೂ ನಾನಿರೋ ಟೆಕ್ಸಾಸ್‌ನಲ್ಲಿ, ಇದು ಮಾಮೂಲಿ ವಹಿವಾಟು. ಪೂರ್ತಿ ತೋಟೆ ಅಂದ್ರೆ ನಾಲ್ಕು ಭಾಗ: ಗುಂಡು, ಮದ್ದು, ಏಟು ಬಿದ್ದಾಗ ಮದ್ದಿಗೆ ಕಿಡಿ ಹಚ್ಚೋ ತಳದ ಕೇಪು, ಇವನ್ನೆಲ್ಲ ಹಿಡಿದಿಡೋ ಹಿತ್ತಾಳೆ ಕವಚ. ಮೊದಲ ಮೂರು ಒಂದೇ ಸಲಕ್ಕೆ ಖಾಲಿ. ಕವಚಕ್ಕೆ ಮಾತ್ರ ಪುನರ್ಜನ್ಮ ಇದೆ, ಅದೂ ಹಲವು ಸಲ.

ಮುಂದೆ ಹೋಗೋ ಮುಂಚೆ, ಎಚ್-1ಬಿ ಮೇಲೆ ಇಲ್ಲಿರೋ ನಮ್ಮವರಿಗೆ ಒಂದು ಮಾತು. ಅಮೆರಿಕದ ಫೆಡರಲ್ ಕಾನೂನಿನಲ್ಲಿ ಮದ್ದುಗುಂಡು ಅನ್ನೋದರ ವ್ಯಾಖ್ಯೆಯೊಳಗೆ ಖಾಲಿ ಕವಚವೂ ಸೇರಿದೆ. ವಲಸೆಯೇತರ ವೀಸಾದಲ್ಲಿರೋರು ಬಂದೂಕು, ಮದ್ದುಗುಂಡು ಇಟ್ಟುಕೊಳ್ಳೋ ಹಾಗಿಲ್ಲ ಅಂತ 922ನೇ ಸೆಕ್ಷನ್ ಹೇಳುತ್ತೆ. ಬೇಟೆ ಲೈಸೆನ್ಸ್ ಥರ ಕೆಲವು ವಿನಾಯಿತಿಗಳಿವೆ, ಆದರೆ ಅವು ನಿಮಗೆ ಅನ್ವಯಿಸುತ್ತಾ ಅನ್ನೋದನ್ನ ವಕೀಲರ ಹತ್ತಿರ ಕೇಳಿ, ರೇಂಜ್‌ನಲ್ಲಿ ಪಕ್ಕದಲ್ಲಿ ನಿಂತವರ ಹತ್ತಿರ ಅಲ್ಲ. ಗ್ರೀನ್ ಕಾರ್ಡ್ ಇದ್ದರೂ ಮ್ಯಾಸಚೂಸೆಟ್ಸ್‌ನಂಥ ರಾಜ್ಯದಲ್ಲಿ ಖಾಲಿ ಕವಚವೂ ಲೈಸೆನ್ಸ್ ಕೇಳೋ ವಸ್ತು. ಇನ್ನು ಮದ್ದು ತುಂಬಿ ಮಾರ್ತೀನಿ ಅಂತ ಹೊರಟರೆ ತಯಾರಕರ ಪರವಾನಗಿ ಬೇಕು, ಅದು ಬೇರೆಯದೇ ಲೋಕ. ನಾನು ಮಾತಾಡ್ತಿರೋದು ಖಾಲಿ ಕವಚ, ಅಷ್ಟೇ.

ಈಗ ಜಗಳಕ್ಕೆ ಬರೋಣ. ಹಳೇ ತೋಟೆಯ ಜಾಹೀರಾತು ಯಾವುದನ್ನೇ ನೋಡಿ, ಮೊದಲು ಕಣ್ಣಿಗೆ ಬೀಳೋದು ಫೋಟೋ. ಹುಣಸೆಹಣ್ಣು ಹಾಕಿ ತಿಕ್ಕಿದ ಹಬ್ಬದ ದಿನದ ಚೊಂಬಿನ ಹಾಗೆ ಫಳಫಳ ಅನ್ನುತ್ತೆ. ಕೆಳಗೆ ಬರೆದಿರ್ತಾರೆ: ಒನ್ಸ್ ಫೈರ್ಡ್ (ಒಂದೇ ಸಲ ಹಾರಿಸಿದ್ದು), ಕೇಪು ತೆಗೆದಿದೆ, ಸ್ಟೀಲ್ ಪಿನ್ ಹಾಕಿ ನೀರಿನಲ್ಲಿ ತೊಳೆದಿದೆ. ಅದಕ್ಕೆ ತೊಳೆಯದ ಮಾಲಿಗಿಂತ ಸಾಕಷ್ಟು ಹೆಚ್ಚು ಬೆಲೆ. ನನ್ನ ಪ್ರಕಾರ ಇದು ತಲೆಕೆಳಗಾದ ಲೆಕ್ಕ. ಕೊಳೆ ಇರೋ, ಕೇಪು ಹಾಗೇ ಇರೋ, ಆದರೆ ನೀಟಾಗಿ ವಿಂಗಡಿಸಿದ ಹಿತ್ತಾಳೆಗೇ ಹೆಚ್ಚು ಬೆಲೆ ಸಿಗಬೇಕು.

ಯಾಕೆ ಅಂದ್ರೆ, ಒಂದೇ ಸಲ ಹಾರಿಸಿದ್ದು ಅಂತ ನೀವು ಹೇಳೋದಕ್ಕೆ ಸಾಕ್ಷಿ ಇರೋದು ಆ ಹಳೇ ಕೇಪಿನಲ್ಲೇ. ಮಿಸೌರಿಯ ಲೇಕ್ ಸಿಟಿ ಕಾರ್ಖಾನೆಯ ತೋಟೆ ತಗೊಳ್ಳಿ. 1941ರಿಂದ ಸೈನ್ಯಕ್ಕೆ ತೋಟೆ ಮಾಡ್ತಿರೋ ಜಾಗ. ಅಲ್ಲಿಂದ ಬಂದ 5.56 ಅಳತೆಯ ರೈಫಲ್ ತೋಟೆಯ ತಳದಲ್ಲಿ ಎಲ್‌ಸಿ ಅಂತ ಮುದ್ರೆ, ವರ್ಷದ ಅಂಕಿ, ಕೇಪಿನ ಸುತ್ತ ಒತ್ತಿ ಕೂರಿಸಿದ ಒಂದು ಬಳೆಯಂಥ ಗುರುತು. ಆ ಗುರುತಿಗೆ ಕ್ರಿಂಪ್ ಅಂತಾರೆ. ಮೆಷಿನ್‌ಗನ್ ಗುದ್ದಿಗೆ ಕೇಪು ಕಳಚಿ ಬರಬಾರದು ಅಂತ ಕಾರ್ಖಾನೆಯವರು ಮಾಡಿದ್ದು. ಕ್ರಿಂಪ್ ಅಲುಗದೆ ಇದ್ದು ಕೇಪು ಒಳಗೇ ಕೂತಿದ್ದರೆ, ಕಾರ್ಖಾನೆ ಬಿಟ್ಟ ಮೇಲೆ ಇನ್ಯಾರೂ ಅದನ್ನ ತುಂಬಿಲ್ಲ ಅಂತ ಕೊಳ್ಳುವವನು ಕಣ್ಣಲ್ಲೇ ಓದ್ಕೋಬಹುದು. ಕೇಪು ಕಿತ್ತು, ಕ್ರಿಂಪ್ ಕೆರೆದು, ತೊಳೆದು ಫಳಫಳ ಮಾಡಿದ ಮೇಲೆ ಉಳಿಯೋದು ನಿಮ್ಮ ಬಾಯಿಮಾತು. ಗಂಟೆಗಟ್ಟಲೆ ಕೂತು ಸಾಕ್ಷಿ ಅಳಿಸಿ, ಆ ಶ್ರಮಕ್ಕೆ ಕೂಲಿ ಕೇಳ್ತೀರಿ.

ಒಂದು ವಿನಾಯಿತಿ ಕೊಡ್ತೀನಿ. ಡಿಲ್ಲನ್‌ನಂಥ ದೊಡ್ಡ ರೀಲೋಡಿಂಗ್ ಯಂತ್ರ ಇಟ್ಟು, ಸೈಜ್ ಮಾಡಿ (ಅಂದ್ರೆ ಹಾರಿಸಿದಾಗ ಹಿಗ್ಗಿದ ಕವಚವನ್ನ ಮೊದಲಿನ ಗಾತ್ರಕ್ಕೆ ಒತ್ತಿ), ಅಳತೆಗೆ ಕತ್ತರಿಸಿ, ಕ್ರಿಂಪ್ ತೆಗೆದು, ಹಾಗೇ ಕೇಪು ಕೂರಿಸೋ ಸ್ಥಿತಿಯಲ್ಲಿ ಕೊಡೋರು ಹೆಚ್ಚು ಕೇಳಲಿ, ಅದು ನ್ಯಾಯ. ಅಲ್ಲಿ ಕೊಳ್ಳುವವನ ಒಂದು ವಾರಾಂತ್ಯ ಉಳಿಯುತ್ತೆ. ಬರೀ ಹೊಳಪಿನಿಂದ ಏನೂ ಉಳಿಯಲ್ಲ. ಅವನು ಎಣ್ಣೆ ಹಚ್ಚಿ ಸೈಜ್ ಮಾಡಿದ ಮೇಲೆ ಮತ್ತೆ ತೊಳೆದೇ ತೊಳೀತಾನೆ.

ಹೊಳಪಿನ ಹುಚ್ಚಿಗೆ ಇನ್ನೊಂದು ಅಪಾಯ ಇದೆ. ಇದರ ಕಥೆ ನಮ್ಮ ದೇಶಕ್ಕೇ ಸೇರಿದ್ದು. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿ ಸೈನ್ಯದ ತೋಟೆಗಳನ್ನ ಮಳೆಗಾಲದಲ್ಲಿ ಕುದುರೆ ಲಾಯದಲ್ಲಿ ಇಡ್ತಿದ್ದರು. ಮಳೆ ಮುಗಿಯೋ ಹೊತ್ತಿಗೆ ಹಿತ್ತಾಳೆ ತಾನಾಗೇ ಬಿರುಕು ಬಿಟ್ಟಿರ್ತಿತ್ತು. ಋತುವಿನ ಜೊತೆ ಬರುತ್ತೆ ಅಂತ ಅದಕ್ಕೆ ಸೀಸನ್ ಕ್ರ್ಯಾಕಿಂಗ್ ಅಂತಲೇ ಹೆಸರಾಯ್ತು. ಕುದುರೆ ಗಂಜಲದಿಂದ ಏಳೋ ಅಮೋನಿಯಾ, ಎಳೆದು ರೂಪ ಕೊಡುವಾಗ ಹಿತ್ತಾಳೆಯೊಳಗೆ ಉಳಿದ ಬಿಗುವು, ಇವೆರಡೂ ಸೇರಿ ಈ ಕೆಲಸ ಮಾಡುತ್ತೆ ಅಂತ 1921ರಲ್ಲಿ ಮೂರ್, ಬೆಕಿನ್ಸೇಲ್, ಮ್ಯಾಲಿನ್ಸನ್ ಅನ್ನೋ ಸಂಶೋಧಕರು ಬಿಡಿಸಿ ಹೇಳಿದರು. ತೋಟೆಯ ಹಿತ್ತಾಳೆ ಅಂದ್ರೆ 70 ಭಾಗ ತಾಮ್ರ, 30 ಭಾಗ ಸತು, ಇವತ್ತಿಗೂ ಅದೇ. ಅಮೋನಿಯಾ ಇರೋ ಪಾಲಿಶ್ ಹಾಕಿ ಮಿಂಚಿಸಿದರೆ ಅಂಥದೇ ಬಿರುಕನ್ನ ನೀವೇ ಕರೆದ ಹಾಗೆ. ಆಮ್ಲದಲ್ಲಿ ಹೊತ್ತು ಮೀರಿ ನೆನೆಸಿದರೆ ಸತು ಬಿಟ್ಟು ಹೋಗಿ ಮೈ ಗುಲಾಬಿ ಬಣ್ಣಕ್ಕೆ ತಿರುಗುತ್ತೆ. ಗುಲಾಬಿ ಹಿತ್ತಾಳೆಗೆ ಯಾರೂ ಒಂದು ಸೆಂಟ್ ಹೆಚ್ಚು ಕೊಡಬಾರದು.

ಹಾಗಾದರೆ ಬೆಲೆ ಎಲ್ಲಿಂದ ಶುರು ಮಾಡೋದು? ಗುಜರಿ ರೇಟಿನಿಂದ. ಅದು ನೆಲ, ಅದಕ್ಕಿಂತ ಕೆಳಗೆ ಇಳಿಯೋ ಅಗತ್ಯ ಇಲ್ಲ. ಒಂದು ಪೌಂಡ್ ಅಂದ್ರೆ 7000 ಗ್ರೇನ್. 9 ಎಂಎಂ ಪಿಸ್ತೂಲ್ ಕವಚ ಒಂದಕ್ಕೆ ಸುಮಾರು 60 ಗ್ರೇನ್ ಅಂತ ಹಿಡಿದರೆ ಪೌಂಡಿಗೆ 115ರ ಮೇಲೆ ಬರುತ್ತೆ. ರೈಫಲ್ ಅಳತೆಗಳಲ್ಲಿ .223 ಆದರೆ ಸುಮಾರು 75, .308 ಆದರೆ 40ರ ಆಸುಪಾಸು. ಗುಜರಿಯವನು ಪೌಂಡಿಗೆ 2 ಡಾಲರ್ ಕೊಡ್ತಾನೆ ಅಂತ ಇಟ್ಕೊಳ್ಳಿ: 9 ಎಂಎಂ ಒಂದಕ್ಕೆ 2 ಸೆಂಟ್ ಕೂಡ ಬೀಳಲ್ಲ, .308ಕ್ಕೆ 5 ಸೆಂಟ್. ಮೇಲಿನ ಮಿತಿ ಅಂಗಡಿಯಲ್ಲಿ ಸಿಗೋ ಹೊಸ ಕವಚದ ಬೆಲೆ. ಇವೆರಡರ ನಡುವೆ ನೀವು ಎಲ್ಲಿ ನಿಲ್ತೀರಿ ಅನ್ನೋದು ನೀವು ಕೊಳ್ಳುವವನ ಎಷ್ಟು ತಲೆನೋವು ಕಳೆದಿರಿ ಅನ್ನೋದರ ಮೇಲೆ ಹೋಗಬೇಕು.

2009ರ ಮಾರ್ಚ್‌ನಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಒಂದು ಆದೇಶ ಹೊರಡಿಸಿತ್ತು: ಸೈನ್ಯ ಹಾರಿಸಿದ ತೋಟೆಯ ಹಿತ್ತಾಳೆಯನ್ನ ನಜ್ಜುಗುಜ್ಜು ಮಾಡಿಯೇ ಮಾರಬೇಕು ಅಂತ. ಆಗ ಮಾರುಕಟ್ಟೆಯಲ್ಲಿ ಮದ್ದುಗುಂಡಿಗೆ ಮೊದಲೇ ಬರ. ದೊಡ್ಡ ಗಲಾಟೆ ಆಯ್ತು, ಮೊಂಟಾನಾದ ಇಬ್ಬರು ಸೆನೆಟರ್‌ಗಳು, ಬಾಕಸ್ ಮತ್ತು ಟೆಸ್ಟರ್, ಪತ್ರ ಬರೆದರು, ಕೆಲವೇ ದಿನದಲ್ಲಿ ಆದೇಶ ವಾಪಸ್. ಲೋಹ ಅದೇ, ತೂಕ ಅದೇ. ಜಜ್ಜಿದ ತಕ್ಷಣ ಗುಜರಿ, ಜಜ್ಜದೆ ಬಿಟ್ಟರೆ ಸರಕು. ಈ ವ್ಯಾಪಾರದಲ್ಲಿ ದುಡ್ಡಿರೋದು ಆಕಾರಕ್ಕೆ.

ಅದಕ್ಕೇ ವಿಂಗಡಣೆ ವಿಂಗಡಣೆ ಅಂತ ಬಡ್ಕೋತೀನಿ. ಮೊದಲು ಅಯಸ್ಕಾಂತ ಹಿಡಿದು ಕಬ್ಬಿಣದವನ್ನ ಎತ್ತಿ. ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಅಂಟಲ್ಲ, ಅದನ್ನ ಬಣ್ಣ ನೋಡಿ ಕೈಯಲ್ಲೇ ತೆಗೀಬೇಕು. 9 ಎಂಎಂ ರಾಶಿಯಲ್ಲಿ .380 ಅನ್ನೋ ಇನ್ನೊಂದು ಪಿಸ್ತೂಲ್ ಕವಚ ಸೇರಿಕೊಳ್ಳುತ್ತೆ, ಎರಡೇ ಮಿಲಿಮೀಟರ್ ಗಿಡ್ಡ, ಅವಸರದ ಕಣ್ಣಿಗೆ ಕಾಣಲ್ಲ. ದೊಡ್ಡ ಪಿಸ್ತೂಲ್ ಅಳತೆಯಾದ .45ರ ಬಾಯೊಳಗೆ 9 ಎಂಎಂ ತೂರಿ ಕೂತಿರುತ್ತೆ. .45ರಲ್ಲೇ ಸಣ್ಣ ಕೇಪಿಂದು, ದೊಡ್ಡ ಕೇಪಿಂದು ಎರಡು ಜಾತಿ. ಬೆರಕೆ ಮಾಡಿ ಕಳಿಸಿದರೆ ಕೊಳ್ಳುವವನ ಯಂತ್ರ ನಡುವೆ ಗಕ್ಕನೆ ನಿಲ್ಲುತ್ತೆ, ಅವನು ನಿಮ್ಮ ಹೆಸರು ಮರೆಯಲ್ಲ. ಜೀವಂತ ತೋಟೆ ಒಂದೂ ಉಳಿದಿರಬಾರದು. ಅಂಚೆಯಲ್ಲಿ ಜೀವಂತ ಮದ್ದುಗುಂಡು ಕಳಿಸೋದೇ ನಿಷಿದ್ಧ, ಗೊತ್ತಿರಲಿಲ್ಲ ಅಂದ್ರೆ ನಡೆಯಲ್ಲ. ಈ ಕೆಲಸ ಮಾಡುವಾಗ ಕೈಗವಸು ಹಾಕಿ, ಊಟಕ್ಕೆ ಮುಂಚೆ ಕೈ ತೊಳೀರಿ. ಕೇಪಿನ ಮಸಿಯಲ್ಲಿ ಸೀಸ ಇರುತ್ತೆ. ಮಕ್ಕಳಿರೋ ಮನೆಯ ಅಡುಗೆಮನೆಯಂತೂ ಇದಕ್ಕೆ ಜಾಗವೇ ಅಲ್ಲ.

ಎಣಿಕೆ. ಸಾವಿರ ಕವಚ ಯಾರೂ ಕೈಯಲ್ಲಿ ಎಣಿಸಲ್ಲ, ತೂಕ ಹಾಕಿ ಭಾಗಿಸ್ತಾರೆ. ಇಲ್ಲಿ ಒಂದು ಮೋಸ ತನಗೆ ತಾನೇ ನುಸುಳುತ್ತೆ. ಹಾರಿಸಿದ ಸಣ್ಣ ಕೇಪಿಗೆ ಸುಮಾರು 3 ಗ್ರೇನ್ ತೂಕ. ಕೇಪು ತೆಗೆದ ಮಾದರಿ ಇಟ್ಟು ಲೆಕ್ಕ ಹಾಕಿ, ಕೇಪು ಇರೋ ಮಾಲನ್ನ ತೂಗಿ ಕಳಿಸಿದರೆ ಸಾವಿರಕ್ಕೆ 3000 ಗ್ರೇನ್ ಬರೀ ಕೇಪು. ಅಂದ್ರೆ 9 ಎಂಎಂನಲ್ಲಿ ಹತ್ತಿರ ಹತ್ತಿರ 50 ಕವಚ ಕಡಿಮೆ. ತೊಳೆದು ಸರಿಯಾಗಿ ಒಣಗಿಸದೆ ತೂಗಿದರೆ ನೀರನ್ನೂ ಹಿತ್ತಾಳೆ ರೇಟಿಗೆ ಮಾರಿದ ಹಾಗೆ. ಕಳಿಸೋ ರಾಶಿಯಿಂದಲೇ, ಬೇರೆ ಬೇರೆ ಮುದ್ರೆಯವು ಬರೋ ಹಾಗೆ ನೂರು ಎಣಿಸಿ ತೂಗಿ, ಅದರಿಂದ ಲೆಕ್ಕ ಹಿಡೀರಿ.

ಇನ್ನು ಪ್ಯಾಕಿಂಗ್. ಅಮೆರಿಕದ ಅಂಚೆಯ ಫ್ಲ್ಯಾಟ್ ರೇಟ್ ಡಬ್ಬ ಹಿತ್ತಾಳೆಗಾಗಿಯೇ ಹುಟ್ಟಿದ ಹಾಗಿದೆ: ದೇಶದೊಳಗೆ 70 ಪೌಂಡ್‌ವರೆಗೆ ತೂಕ ಎಷ್ಟಾದರೂ ದರ ಒಂದೇ. ನನ್ನ ವಾದ ಇಷ್ಟು, ಲಾಟ್ ಎಷ್ಟು ದೊಡ್ಡದಿರಬೇಕು ಅಂತ ಡಬ್ಬ ಹೇಳಲಿ. ಅಂಚೆಗೆ 20 ಡಾಲರ್ ಬಿತ್ತು ಅಂದ್ಕೊಳ್ಳಿ. 200 ಕವಚ ಕಳಿಸಿದರೆ ಒಂದೊಂದರ ಮೇಲೆ 10 ಸೆಂಟ್ ಅಂಚೆ ಖರ್ಚೇ ಕೂರುತ್ತೆ, 2000 ಕಳಿಸಿದರೆ ಒಂದೇ ಸೆಂಟ್. 9 ಎಂಎಂನಂಥ ಅಗ್ಗದ ಮಾಲನ್ನ ನೂರರ ಲೆಕ್ಕದಲ್ಲಿ ಅಂಚೆಗೆ ಹಾಕೋದು ಮೂರ್ಖತನ. ಮಧ್ಯಮ ಡಬ್ಬದಲ್ಲಿ ಅದು 2000 ಆರಾಮಾಗಿ ಹಿಡಿಯುತ್ತೆ, .223 ಸಾವಿರ ಹಿಡಿಯುತ್ತೆ. ಲಾಪುವಾ ಕಂಪನಿಯದಂಥ ದುಬಾರಿ ರೈಫಲ್ ಕವಚ ಮಾತ್ರ 50ರ ಲೆಕ್ಕದಲ್ಲಿ, ಬಾಯಿ ಜಜ್ಜದ ಹಾಗೆ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಕೂರಿಸಿ ಕಳಿಸಿ, ಅದನ್ನ ಕೊಳ್ಳುವವನು ಎಣಿಸಿಯೇ ಎಣಿಸ್ತಾನೆ. ಜಾಹೀರಾತಿನಲ್ಲಿ ಅಂಚೆ ಸೇರಿಸಿಯೇ ಬೆಲೆ ಹೇಳಿ. ಕವಚ ಅಗ್ಗ ಅಂತ ತೋರಿಸಿ ಅಂಚೆಯಲ್ಲಿ ಕಿತ್ಕೊಳ್ಳೋದು ನನಗೆ ಹಿಡಿಸಲ್ಲ.

ಡಬ್ಬದೊಳಗೆ ಗಟ್ಟಿ ಚೀಲ ಎರಡು ಪದರ ಹಾಕಿ, ಗಾಳಿ ತೆಗೆದು ಕಟ್ಟಿ, ಉಳಿದ ಜಾಗಕ್ಕೆ ಪೇಪರ್ ತುರುಕಿ. ಗಲಗಲ ಅಲುಗಾಡೋ ಹಿತ್ತಾಳೆ ಒಳಗಿಂದಲೇ ರಟ್ಟಿನ ಮೂಲೆ ಒಡೆದು ಹೊರಗೆ ಬರುತ್ತೆ. ಹೊಸ ತೋಟೆ ಬಂದ ಹಳೇ ಪೆಟ್ಟಿಗೆಯಲ್ಲಿ ಮಾತ್ರ ಕಳಿಸಬೇಡಿ, ಅದರ ಮೇಲಿನ ಎಚ್ಚರಿಕೆ ಗುರುತು ಕಂಡರೆ ಅಂಚೆಯವರು ತಿರಸ್ಕರಿಸ್ತಾರೆ. ಹೊರದೇಶಕ್ಕೆ ಕಳಿಸೋ ಯೋಚನೆ ಬೇಡ, ಅಲ್ಲಿ ರಫ್ತು ನಿಯಂತ್ರಣದ ಕಾನೂನು ಬರುತ್ತೆ. ಊರಿಗೆ ಹೋಗುವಾಗ ಅಣ್ಣನ ಮಗನಿಗೆ ಕೀ ಚೈನ್ ಅಂತ ಒಂದೇ ಒಂದು ಖಾಲಿ ತೋಟೆಯನ್ನ ಸೂಟ್‌ಕೇಸಿಗೆ ಹಾಕ್ಕೊಳ್ಳೋದೂ ಬೇಡ. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆ ಮದ್ದುಗುಂಡಿನ ಬಿಡಿಭಾಗವನ್ನೂ ಮದ್ದುಗುಂಡು ಅಂತಲೇ ನೋಡುತ್ತೆ, ಕೆಂಪೇಗೌಡ ವಿಮಾನ ನಿಲ್ದಾಣದ ಸ್ಕ್ಯಾನರ್‌ಗೆ ಕೀ ಚೈನ್ ಅಂತ ವಿವರಿಸೋಕಾಗಲ್ಲ.

ಕೊನೇದಾಗಿ ಆ "ಎಣಿಕೆ ಅಂದಾಜು, ವಾಪಸಾತಿ ಇಲ್ಲ" ಅನ್ನೋ ಸಾಲು. ಅದನ್ನ ಅಳಿಸಿ. ಸಾವಿರಕ್ಕೆ 20 ಹೆಚ್ಚು ಹಾಕಿ, 9 ಎಂಎಂ ಆದರೆ ಗುಜರಿ ಲೆಕ್ಕದಲ್ಲಿ ನಿಮಗೆ ಅರ್ಧ ಡಾಲರ್ ಕೂಡ ಖರ್ಚಾಗಲ್ಲ. ಜಾಹೀರಾತಿನಲ್ಲಿ ಹೀಗೆ ಬರೀರಿ: ತೊಳೆದಿಲ್ಲ, ಕೇಪು ಒಳಗೇ ಇದೆ, ಮುದ್ರೆ ನೋಡಿ ವಿಂಗಡಿಸಿದೆ, 1000 ಖಾತ್ರಿ, ಸೊಟ್ಟಗಾದವಕ್ಕೆ ಅಂತ 20 ಜಾಸ್ತಿ ಇದೆ. ಫೋಟೋ ತೆಗೆಯುವಾಗ ತಳಗಳನ್ನ ಮೇಲೆ ಮಾಡಿ ಸಾಲಾಗಿ ನಿಲ್ಲಿಸಿ, ಮುದ್ರೆಯೂ ಕ್ರಿಂಪೂ ಓದೋ ಹಾಗೆ ಬೆಳಕು ಬೀಳಲಿ.