ಸಭಾಕಂಪಕ್ಕೊಂದು ಕೋಡಂಗಿ ವೇಷ

ನಮಸ್ಕಾರ. ಶಾಲೆಯ ರಾಜ್ಯೋತ್ಸವ ಭಾಷಣ ನೆನಪಿದೆಯಾ? "ವೇದಿಕೆಯ ಮೇಲೆ ಆಸೀನರಾಗಿರುವ ಮಾನ್ಯ ಅಧ್ಯಕ್ಷರೇ, ಪೂಜ್ಯ ಗುರುವೃಂದದವರೇ, ನನ್ನ ನೆಚ್ಚಿನ ಸಹಪಾಠಿಗಳೇ..." ಇಲ್ಲಿವರೆಗೆ ಸರಾಗ. ಆಮೇಲೆ ಗಪ್‌ಚುಪ್. ಮಗು ಸೂರು ನೋಡುತ್ತೆ, ಪಕ್ಕದಿಂದ ಮೇಷ್ಟ್ರು ಮುಂದಿನ ಸಾಲು ಪಿಸುಗುಡ್ತಾರೆ, ಹಿಂದಿನಿಂದ ಯಾರೋ ಕಿಸಕ್ಕಂತ ನಗ್ತಾರೆ. ಅವತ್ತು ಇಳಿದವರಲ್ಲಿ ಎಷ್ಟೋ ಜನ ಮತ್ತೆ ವೇದಿಕೆ ಹತ್ತೇ ಇಲ್ಲ. ಈಗ ಆಫೀಸ್ ಮೀಟಿಂಗಲ್ಲಿ ಮ್ಯೂಟ್ ಹಾಕ್ಕೊಂಡು ಕೂತಿರ್ತಾರೆ.

ಇಂಥವರಿಗೆ ನಾವು ಕೊಡೋ ಸಲಹೆ ಕೇಳಿ. "ಎದುರಿಗಿರೋರೆಲ್ಲ ಕಲ್ಲು ಅಂದ್ಕೋ." ಅಲ್ಲ ಸ್ವಾಮಿ, ಕಲ್ಲಿನ ಮುಂದೆ ಯಾರಾದ್ರೂ ಏನು ಮಾತಾಡ್ತಾರೆ? ಇನ್ನೊಂದು, "ಆತ್ಮವಿಶ್ವಾಸ ಇಟ್ಕೋ." ಅದು ನಾಲ್ಕು ಸಲ ಮಾತಾಡಿದ ಮೇಲೆ ಬರೋದು. ಮೊದಲೇ ಯಾವ ಅಂಗಡಿಯಿಂದ ತರೋಣ?

ಕರಾವಳಿಯ ಯಕ್ಷಗಾನ ಮೇಳಗಳಿಗೆ ಇದು ಚೆನ್ನಾಗಿ ಗೊತ್ತಿತ್ತು. ಮೇಳ ಸೇರಿದ ಹುಡುಗನಿಗೆ ಮೊದಲ ದಿನವೇ ಅರ್ಜುನನ ಕಿರೀಟ ಕಟ್ಟಲ್ಲ. ಕಥೆ ಶುರುವಾಗೋ ಮುಂಚಿನ ಪೂರ್ವರಂಗದಲ್ಲಿ ಕೋಡಂಗಿ ಅನ್ನೋ ವಿದೂಷಕನ ಪುಟ್ಟ ವೇಷ, ಆಮೇಲೆ ಬಲರಾಮ-ಕೃಷ್ಣರ ಬಾಲಗೋಪಾಲ ವೇಷ, ಹೀಗೆ ಒಂದೊಂದೇ ಮೆಟ್ಟಿಲು. ಕೋಡಂಗಿ ಕುಣಿಯೋ ಹೊತ್ತಿಗೆ ಜನ ಇನ್ನೂ ಬರ್ತಾ ಇರ್ತಾರೆ, ಚಾಪೆ ಹಾಸ್ತಾ ಇರ್ತಾರೆ, ಚುರುಮುರಿ ಕಟ್ಟಿಸ್ಕೊಳ್ತಾ ಇರ್ತಾರೆ. ಹೆಜ್ಜೆ ತಪ್ಪಿದ್ರೂ ಕೇಳೋರಿಲ್ಲ. ಆದ್ರೆ ದೀಪ ಅದೇ, ಚೆಂಡೆ ಅದೇ, ರಂಗಸ್ಥಳವೂ ಅದೇ. ಭಯ ಕಳೆಯೋಕೆ ಇದಕ್ಕಿಂತ ಒಳ್ಳೆ ಪಾಠಶಾಲೆ ನಾನಂತೂ ಕಾಣೆ. (ಈಗ ರಾತ್ರಿಯಿಡೀ ಆಡೋ ಬದಲು ಕೆಲವೇ ಗಂಟೆಗಳಲ್ಲಿ ಮುಗಿಸೋ ಕಾಲಮಿತಿ ಪ್ರಯೋಗ ಬಂದು ಪೂರ್ವರಂಗಕ್ಕೇ ಕತ್ತರಿ ಬಿದ್ದಿದೆ. ಅದು ಬೇರೆ ಸಂಕಟ, ಇನ್ನೊಂದು ದಿನ ಮಾತಾಡೋಣ.) ನಮ್ಮ ಶಾಲೆಗಳು ಮಾಡೋದು ತದ್ವಿರುದ್ಧ: ಬಾಯಿಪಾಠ ಮಾಡಿಸಿ, ಇಡೀ ಊರಿನ ಮುಂದೆ ನೇರ ಕಿರೀಟವೇಷಕ್ಕೆ ನೂಕೋದು.

ಇನ್ನು ನಡುಕ. ಎದೆ ಡವಡವ ಅನ್ನೋದು ಎಲ್ಲರಿಗೂ ಕಾಣ್ತಿದೆ ಅನ್ನೋ ಭಯ ಇದೆಯಲ್ಲ, ಅದನ್ನು ಕೆನೆತ್ ಸವಿಟ್ಸ್ಕಿ, ಥಾಮಸ್ ಗಿಲೋವಿಚ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞರು ಪರೀಕ್ಷೆ ಮಾಡಿ 2003ರಲ್ಲಿ ಪ್ರಕಟಿಸಿದ್ರು. ಭಾಷಣ ಮಾಡಿದವರು ತಾವು ಎಷ್ಟು ಅಂಜಿದಂತೆ ಕಂಡೆವು ಅಂದ್ಕೊಂಡಿದ್ರೋ, ಕೇಳಿದವರ ಕಣ್ಣಿಗೆ ಅಷ್ಟು ಕಂಡಿರಲಿಲ್ಲ. ಇದಕ್ಕಿಂತ ಸ್ವಾರಸ್ಯದ ವಿಷಯ, "ನಿಮ್ಮ ಅಂಜಿಕೆ ಹೊರಗೆ ಅಷ್ಟಾಗಿ ಕಾಣಲ್ಲ" ಅಂತ ಮೊದಲೇ ಯಾರಿಗೆ ವಿವರಿಸಿ ಹೇಳಿದ್ರೋ ಅವರ ಭಾಷಣ ಉಳಿದವರಿಗಿಂತ ಚೆನ್ನಾಗಾಯ್ತು. ಔಷಧಿ ಇಲ್ಲ, ತರಬೇತಿ ಇಲ್ಲ, ಬರೀ ಒಂದು ಮಾಹಿತಿ.

ನಿಮ್ಮ ನಡುಕವನ್ನು ಊರಿಗೆಲ್ಲ ತೋರಿಸೋದು ಕೈಯಲ್ಲಿರೋ ತೆಳು ಹಾಳೆ. ಬೆರಳು ಇಷ್ಟೇ ಇಷ್ಟು ನಡುಗಿದ್ರೆ ಹಾಳೆ ಪಟಪಟ ಅನ್ನುತ್ತೆ, ಮೈಕ್ ಅದನ್ನೂ ಹಿಡಿಯುತ್ತೆ. ದಪ್ಪ ರಟ್ಟಿನ ಚೀಟಿ ಇಟ್ಕೊಳ್ಳಿ, ಅದರಲ್ಲಿ ನಾಲ್ಕು ಪದ ಸಾಕು. ಮೊದಲ ಎರಡು ವಾಕ್ಯ ಮಾತ್ರ ಗಟ್ಟಿ ಮಾಡ್ಕೊಳ್ಳಿ. ಪೂರ್ತಿ ಬಾಯಿಪಾಠ ಮಾಡಿದ್ರೆ ಒಂದು ಪದ ಮರೆತರೂ ಸಾಕು, ಮುಂದಿನದೆಲ್ಲ ಹೋಯ್ತು.

ನಮ್ಮ ಸಭೆಗಳಲ್ಲೂ ಒಂದು ಕೋಡಂಗಿ ವೇಷ ಇದೆ: ವಂದನಾರ್ಪಣೆ. ಯಾರಿಗೂ ಬೇಡ, ಕೇಳಿದ್ರೆ ತಕ್ಷಣ ಕೊಡ್ತಾರೆ. ಅಷ್ಟೊತ್ತಿಗೆ ಅರ್ಧ ಸಭೆ ಎದ್ದು ಚಪ್ಪಲಿ ಹುಡುಕ್ತಿರುತ್ತೆ, ಇನ್ನರ್ಧದ ಗಮನ ಊಟದ ಕಡೆ. ನಿಮ್ಮ ಅಪಾರ್ಟ್‌ಮೆಂಟಿನ ಗಣೇಶೋತ್ಸವವೋ, ಸಂಘದ ವಾರ್ಷಿಕ ಸಭೆಯೋ, ಮುಂದಿನ ಸಲ ಅದನ್ನೇ ಕೇಳಿ ತಗೊಳ್ಳಿ. ಯಾರ ಹೆಸರು ಬಿಟ್ಟರೂ ಪರವಾಗಿಲ್ಲ, ಅಡುಗೆಯವರದ್ದು ಮತ್ತು ಮೈಕ್ ಸೆಟ್‌ನವರದ್ದು ಮಾತ್ರ ಬಿಡಬೇಡಿ.