ಬೀಗದ ಕೈ

ಕೇಳುಗರೇ, ನಮಸ್ಕಾರ.

ಕೆಲವು ವರ್ಷಗಳ ಹಿಂದೆ ನಮ್ಮ ಅಡುಗೆಮನೆಯಲ್ಲಿ ಬಾಣಲೆಗೆ ಬೆಂಕಿ ಹತ್ತಿಕೊಂಡಿತು. ಒಲೆಯ ಮೇಲೆ ಎಣ್ಣೆ ಇಟ್ಟಿದ್ದೆ. ಫೋನ್ ಬಂತೆಂದು ಆಚೆ ಹೋದೆ. ಮಾತು ಸ್ವಲ್ಪ ಉದ್ದವಾಯಿತು. ವಾಪಸ್ ಬರುವಷ್ಟರಲ್ಲಿ ಎಣ್ಣೆ ಹೊಗೆಯಾಡಿ, ಧಗ್ ಅಂತ ಹೊತ್ತಿಕೊಂಡಿತ್ತು. ನನ್ನ ಕೈ ಎಲ್ಲಿಗೆ ಹೋಯಿತು ಗೊತ್ತೇ? ಸೀದಾ ನೀರಿನ ಚೊಂಬಿಗೆ. ಬೆಂಕಿ ಎಂದರೆ ನೀರು, ಕೈಗೆ ಗೊತ್ತಿರುವುದು ಅಷ್ಟೇ ಅಲ್ವಾ? ಪುಣ್ಯಕ್ಕೆ ಚೊಂಬು ಖಾಲಿ ಇತ್ತು.

ಅದರಲ್ಲಿ ನೀರಿದ್ದಿದ್ದರೆ ಏನಾಗುತ್ತಿತ್ತು ಅಂತ ಆಮೇಲೆ ತಿಳಿದುಕೊಂಡೆ. ನೀರು ಎಣ್ಣೆಗಿಂತ ಭಾರ. ಸುರಿದ ಕೂಡಲೇ ಎಣ್ಣೆಯ ಅಡಿಗೆ ಇಳಿಯುತ್ತದೆ. ಹೊತ್ತಿಕೊಂಡ ಎಣ್ಣೆಯ ಬಿಸಿ 300 ಡಿಗ್ರಿ ದಾಟಿರುತ್ತದೆ, ನೀರು ಕುದಿಯುವುದು 100ಕ್ಕೆ. ಹಾಗಾಗಿ ಇಳಿದ ನೀರು ಒಂದೇ ಏಟಿಗೆ ಹಬೆಯಾಗುತ್ತದೆ. ಹಬೆಗೆ ಬೇಕಾಗುವ ಜಾಗ ನೀರಿಗಿಂತ ಹೆಚ್ಚುಕಡಿಮೆ 1,600 ಪಟ್ಟು ಜಾಸ್ತಿ. ಆ ಹಬೆ ಉರಿಯುವ ಎಣ್ಣೆಯನ್ನು ಹೊತ್ತುಕೊಂಡೇ ಮೇಲೆ ಚಿಮ್ಮುತ್ತದೆ. ಮುಖಕ್ಕೆ, ಪರದೆಗೆ, ಸೂರಿಗೆ.

ಮಾಡಬೇಕಾದ್ದು ಇಷ್ಟೇ. ಕೈಗೆಟುಕಿದರೆ ಒಲೆ ಆರಿಸಿ. ಬಾಣಲೆ ಮುಚ್ಚುವಷ್ಟು ಅಗಲದ ಮುಚ್ಚಳವನ್ನು ಪಕ್ಕದಿಂದ ಜಾರಿಸಿ. ಗಾಳಿ ನಿಂತರೆ ಬೆಂಕಿಯೂ ನಿಲ್ಲುತ್ತದೆ. ಆಮೇಲೆ ಆರಿತೇನೋ ಅಂತ ಇಣುಕಿ ನೋಡುವ ಆಸೆ ಬೇಡ, ಪೂರ್ತಿ ತಣಿಯಲಿ. ಬಾಣಲೆ ಎತ್ತಿಕೊಂಡು ಹೊರಗೆ ಓಡುವುದಂತೂ ಬೇಡವೇ ಬೇಡ. ನಮ್ಮ ಮನೆಯಲ್ಲಿ ಈಗ ಎಣ್ಣೆ ಇಡುವ ಮೊದಲು ಮುಚ್ಚಳ ಒಲೆಯ ಪಕ್ಕಕ್ಕೆ ಬರುತ್ತದೆ.

ಮನೆಯ ಬೆಂಕಿ ಜಾಸ್ತಿ ಶುರುವಾಗುವುದು ಒಲೆಯ ಹತ್ತಿರವೇ. ಕರೆಂಟಿನ ಬೆಂಕಿ ಬೇರೆ ಥರ, ಅದು ಸದ್ದಿಲ್ಲದೆ ಬರುತ್ತದೆ. ಪ್ಲಗ್ ಸಡಿಲವಿದ್ದರೆ ಆ ಜಾಗ ಬಿಸಿಯಾಗುತ್ತದೆ. ಹೀಟರ್ ಇಸ್ತ್ರಿಪೆಟ್ಟಿಗೆ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದರೆ ವೈರೇ ಕಾಯುತ್ತದೆ. ಸಾಕೆಟ್ಟಿನ ಸುತ್ತ ಕಂದು ಕಲೆ ಕಂಡರೆ ಒರೆಸಿ ಸುಮ್ಮನಾಗಬೇಡಿ, ಎಲೆಕ್ಟ್ರಿಷಿಯನ್‌ನ್ನು ಕರೆಸಿ. ಫೋನನ್ನು ದಿಂಬಿನ ಕೆಳಗಿಟ್ಟು ಚಾರ್ಜ್ ಮಾಡುವವರಿಗೆ ನಾನೇನೂ ಹೇಳುವುದಿಲ್ಲ, ಮನೆಯಲ್ಲಿ ದಿನಾ ಹೇಳಿ ಸಾಕಾಗಿದೆ.

ಅಡುಗೆ ಅನಿಲದ ಬಗ್ಗೆ ಒಂದು ಮಾತು. ಸಿಲಿಂಡರಿನ ಅನಿಲಕ್ಕೆ ತನ್ನದೇ ವಾಸನೆ ಇಲ್ಲ. ಸೋರಿದ್ದು ಗೊತ್ತಾಗಲಿ ಅಂತಲೇ ಆ ಕೆಟ್ಟ ವಾಸನೆ ಬೆರೆಸಿರುತ್ತಾರೆ. ಅದು ಗಾಳಿಗಿಂತ ಭಾರ, ನೆಲದ ಮೇಲೆ ಹರಡಿ ನಿಲ್ಲುತ್ತದೆ. ವಾಸನೆ ಬಂದರೆ ನಮ್ಮ ಕೈ ಮತ್ತೆ ತಪ್ಪು ಕಡೆಗೇ ಹೋಗುತ್ತದೆ, ಲೈಟಿನ ಸ್ವಿಚ್ಚಿಗೆ. ಹಾಕುವುದೂ ಬೇಡ, ಆರಿಸುವುದೂ ಬೇಡ. ಎರಡರಲ್ಲೂ ಕಿಡಿ ಹಾರುತ್ತದೆ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು ಹೊರಗೆ ಬನ್ನಿ. ಫೋನ್ ಮಾಡುವುದಾದರೂ ಹೊರಗಿನಿಂದಲೇ.

ನನಗೆ ನಿಜವಾಗಿ ಭಯವಾಗುವುದು ರಾತ್ರಿಯದ್ದು. ಸುಟ್ಟ ವಾಸನೆಗೆ ಎಚ್ಚರವಾಗುತ್ತದೆ ಅಂತ ನಾವೆಲ್ಲ ನಂಬಿದ್ದೇವೆ. ಆಗುವುದಿಲ್ಲ. ನಿದ್ದೆಯಲ್ಲಿ ಮೂಗೂ ಮಲಗಿರುತ್ತದೆ, ಕಿವಿ ಮಾತ್ರ ಅರ್ಧ ಎದ್ದಿರುತ್ತದೆ. ಮನೆಯ ಬೆಂಕಿಯಲ್ಲಿ ಜೀವ ತೆಗೆಯುವುದು ಹೆಚ್ಚಾಗಿ ಉರಿಯಲ್ಲ, ಹೊಗೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಅದಕ್ಕೇ ಹೊಗೆ ಅಲಾರಂ ಬೇಕು. ತಿಂಗಳಿಗೊಮ್ಮೆ ಅದರ ಗುಂಡಿ ಒತ್ತಿ ನೋಡಿ, 10 ವರ್ಷ ಆದ ಮೇಲೆ ಬದಲಾಯಿಸಿ. ಅಡುಗೆ ಮಾಡುವಾಗ ಕಿರುಚುತ್ತದೆ ಅಂತ ಅದರ ಬ್ಯಾಟರಿ ಕಿತ್ತಿಟ್ಟವರನ್ನು ನಾನು ಬಲ್ಲೆ. ಮಲಗುವಾಗ ಕೋಣೆಯ ಬಾಗಿಲು ಮುಚ್ಚಿಕೊಳ್ಳಿ. ಮುಚ್ಚಿದ ಬಾಗಿಲು ಹೊಗೆಯನ್ನು ಎಷ್ಟೋ ಹೊತ್ತು ತಡೆದು ನಿಲ್ಲಿಸುತ್ತದೆ.

ಸಮಯ ಎಷ್ಟಿರುತ್ತದೆ? ಇಂದಿನ ಸೋಫಾ, ಹಾಸಿಗೆಗಳಲ್ಲಿ ಇರುವುದು ಫೋಮ್. ಅದು ಬೇಗ ಉರಿಯುತ್ತದೆ, ಕಪ್ಪು ಹೊಗೆ ಕಾರುತ್ತದೆ. ಇಂಥ ಸಾಮಾನು ತುಂಬಿದ ಕೋಣೆ 5 ನಿಮಿಷದೊಳಗೇ ಪೂರ್ತಿ ಹೊತ್ತಿಕೊಳ್ಳಬಹುದು.

ಇದನ್ನು ತಿಳಿದ ಮೇಲೆ ಒಂದು ರಾತ್ರಿ ಮನೆಯಲ್ಲಿ ಪರೀಕ್ಷೆ ಮಾಡಿದೆವು. ಲೈಟೆಲ್ಲ ಆರಿಸಿದೆವು. ಹೊಗೆ ಮೇಲೇರುತ್ತದೆ, ಉಸಿರಾಡುವ ಗಾಳಿ ನೆಲದ ಹತ್ತಿರ ಇರುತ್ತದೆ ಅಲ್ವಾ, ಹಾಗಾಗಿ ಎಲ್ಲರೂ ತೆವಳಿಕೊಂಡೇ ಹೊರಟೆವು. ಕೋಣೆಯ ಬಾಗಿಲು ತೆರೆಯುವ ಮೊದಲು ಕೈಯ ಹಿಂಭಾಗದಿಂದ ಮುಟ್ಟಿ ನೋಡಿದೆವು. ಬಿಸಿಯಿದ್ದರೆ ತೆರೆಯಬಾರದು, ಇನ್ನೊಂದು ದಾರಿ ಹುಡುಕಬೇಕು. ಎಲ್ಲರೂ ಗೇಟಿನ ಹತ್ತಿರ ಸೇರುವುದು, ಯಾವ ವಸ್ತು ಬಿಟ್ಟರೂ ಒಳಗೆ ವಾಪಸ್ ಹೋಗುವಂತಿಲ್ಲ, ಇದು ಮೊದಲೇ ಆದ ಮಾತು. ಮಗಳು ಸಮಯ ನೋಡುತ್ತಿದ್ದಳು.

ಮುಂಬಾಗಿಲ ತನಕ ಸಲೀಸಾಗಿ ಬಂದೆವು. ಬಾಗಿಲಿಗೆ ಒಳಗಿನಿಂದ ಬೀಗ. ಬೀಗದ ಕೈ ಇಲ್ಲ. ಮೇಜಿನ ಮೇಲೆ ತಡಕಿದೆ, ಕಪಾಟಿನ ಮೇಲೆ ತಡಕಿದೆ. ಕೊನೆಗೆ ಸಿಕ್ಕಿದ್ದು ಒಗೆಯಲು ಹಾಕಿದ್ದ ನನ್ನದೇ ಅಂಗಿಯ ಜೇಬಿನಲ್ಲಿ. "4 ನಿಮಿಷ" ಅಂದಳು ಮಗಳು.

ಈಗ ಅದು ಬಾಗಿಲ ಪಕ್ಕದ ಮೊಳೆಯಲ್ಲಿ ನೇತಾಡುತ್ತದೆ, ತೆವಳುವವರ ಕೈಗೆ ಸಿಗುವ ಎತ್ತರದಲ್ಲಿ. ಬಂದವರೆಲ್ಲ, ಮೊಳೆಯನ್ನು ಯಾಕೆ ಇಷ್ಟು ಕೆಳಗೆ ಹೊಡೆದಿದ್ದೀರಿ ಅಂತ ಕೇಳುತ್ತಾರೆ.