ಕಹಿ ಮಾತ್ರೆಗೆ ಸಕ್ಕರೆ ಯಾಕೆ ಸಾಲದು?

[ದೃಶ್ಯ: ಎರಡು ಚಮಚಗಳ ನಡುವೆ ಪುಡಿಯಾಗುತ್ತಿರುವ ಮಾತ್ರೆ, ಪಕ್ಕದಲ್ಲಿ ಸಕ್ಕರೆ ಡಬ್ಬಿ]

ನಮಸ್ಕಾರ. ಮಾತ್ರೆ ಪುಡಿ ಮಾಡಿ, ಸಕ್ಕರೆ ಸುರಿದು ಕೊಟ್ಟರೂ ಮಗು ಥೂ ಅಂತ ಉಗಿಯುತ್ತದೆ. ಹಟ ಅಂದುಕೊಂಡು ದಯವಿಟ್ಟು ಗದರಬೇಡಿ. ನಾಲಿಗೆಯಲ್ಲಿ ಸಿಹಿ ಹಿಡಿಯಲು ಇರುವುದು ಮುಖ್ಯವಾಗಿ ಒಂದೇ ಬಗೆಯ ಗ್ರಾಹಕ, ಅಂದರೆ ರುಚಿ ಗುರುತಿಸುವ ರಿಸೆಪ್ಟರ್. ಕಹಿ ಹಿಡಿಯಲು ಸುಮಾರು 25 ಬಗೆ! ಗಿಡಗಳಲ್ಲಿರುವ ಎಷ್ಟೋ ವಿಷಗಳು ಕಹಿ. ಅದಕ್ಕೇ ಇಷ್ಟು ಬಿಗಿ ಕಾವಲು.

ಹಾಗಾದರೆ ಔಷಧಿ ಕಂಪನಿಗಳು ಏನು ಮಾಡುತ್ತವೆ? ಸಿಹಿ, ಕಿತ್ತಳೆ ಫ್ಲೇವರ್ ಹಾಕುತ್ತಾರೆ, ನಿಜ. ಆದರೆ ತುಂಬಾ ಕಹಿ ಇರುವ ಔಷಧಿಗೆ ಅಸಲಿ ಉಪಾಯ ಬೇರೆ ಇದೆ. ಅದು ಬಾಯಲ್ಲಿ ಕರಗದ ಹಾಗೆ ನೋಡಿಕೊಳ್ಳುತ್ತಾರೆ. ಎಂಜಲಿನಲ್ಲಿ ಕರಗದಿದ್ದರೆ ನಾಲಿಗೆಗೆ ರುಚಿಯೇ ಗೊತ್ತಾಗುವುದಿಲ್ಲ.

[ದೃಶ್ಯ: ಸಿರಪ್ ಬಾಟಲಿ, ತಳದಲ್ಲಿ ನಿಂತ ಗಸಿ]

ಅಮೀಬಾದಿಂದ ಬರುವ ಆಮಶಂಕೆಗೆ ಕೊಡುವ ಮೆಟ್ರೊನಿಡಜೋಲ್ ನೋಡಿ. ವಿಪರೀತ ಕಹಿ. ಮಕ್ಕಳ ಸಿರಪ್‌ನಲ್ಲಿ ಅದಕ್ಕೆ ಬೆಂಜೋಯಿಕ್ ಆಮ್ಲ ಜೋಡಿಸಿರುತ್ತಾರೆ. ಆಗ ಅದು ಮೆಟ್ರೊನಿಡಜೋಲ್ ಬೆಂಜೊಯೇಟ್. ನೀರಿನಲ್ಲಿ ಕರಗುವುದೇ ಕಷ್ಟ, ಹಾಗಾಗಿ ಕಹಿಯೂ ಇಲ್ಲ. ನುಂಗಿದ ಮೇಲೆ ದೇಹವೇ ಆ ಜೋಡಣೆ ಬಿಡಿಸಿ ಔಷಧಿಯನ್ನು ಹೊರತೆಗೆಯುತ್ತದೆ. ಜೋಡಿಸಿದ್ದರಿಂದ ತೂಕ ಜಾಸ್ತಿ: 200 ಮಿಲಿಗ್ರಾಂ ಮೆಟ್ರೊನಿಡಜೋಲ್ ಸಿಗಬೇಕಾದರೆ 320 ಮಿಲಿಗ್ರಾಂ ಬೆಂಜೊಯೇಟ್ ಬೇಕು.

ಬಾಟಲಿ ಮೇಲೆ 'ಚೆನ್ನಾಗಿ ಅಲುಗಾಡಿಸಿ' ಅಂತ ಬರೆದಿರುತ್ತದಲ್ವಾ? ಕರಗದ ಔಷಧಿ ತಳಕ್ಕೆ ಇಳಿಯುತ್ತದೆ, ಅದಕ್ಕೇ ಆ ಸೂಚನೆ. ಅಲುಗಾಡಿಸದೆ ಕೊಟ್ಟರೆ ಮೊದಲ ದಿನಗಳಲ್ಲಿ ಮಗುವಿಗೆ ಔಷಧಿ ಕಡಿಮೆ ಹೋಗುತ್ತದೆ, ಕೊನೆಯ ಚಮಚಗಳಲ್ಲಿ ಜಾಸ್ತಿ. ಸಣ್ಣ ವಿಷಯ ಅಂತ ಬಿಡಬೇಡಿ.

[ದೃಶ್ಯ: ಕಾಳಿನ ಸುತ್ತ ತೆಳು ಪದರ]

ಇನ್ನೊಂದು ದಾರಿ, ಔಷಧಿಯ ಕಾಳುಗಳಿಗೆ ತೆಳುವಾದ ಕೋಟಿಂಗ್ ಕೊಡುವುದು. ಎಂಜಲಿನಲ್ಲಿ ಹುಳಿ ಅಂಶ ಇಲ್ಲವೆನ್ನುವಷ್ಟು ಕಡಿಮೆ, ಜಠರದಲ್ಲಿ ಜೋರು ಆಸಿಡ್. ಹುಳಿಯನ್ನು ಅಳೆಯುವುದು ಪಿಎಚ್‌ನಲ್ಲಿ, ಅದು ಇಳಿದಷ್ಟೂ ಹುಳಿ ಜಾಸ್ತಿ. ಪಿಎಚ್ 5ಕ್ಕಿಂತ ಕೆಳಗೆ ಮಾತ್ರ ಕರಗುವ ಪಾಲಿಮರ್‌ಗಳು, ಅಂದರೆ ಪ್ಲಾಸ್ಟಿಕ್‌ನಂಥ ಪದರ ಕಟ್ಟುವ ವಸ್ತುಗಳು, ಇವೆ. ಬಾಯಲ್ಲಿ ಗಟ್ಟಿ ನಿಂತು, ಹೊಟ್ಟೆಯಲ್ಲಿ ಬಿಚ್ಚಿಕೊಳ್ಳುತ್ತವೆ. ಎಷ್ಟು ಚೆಂದದ ಯೋಚನೆ ನೋಡಿ!

ಇಲ್ಲೇ ನಾವು ಎಡವುವುದು. ರುಚಿಯಾಗಲಿ ಅಂತ ಹುಳಿ ಜ್ಯೂಸ್ ಬೆರೆಸುತ್ತೇವೆ, ಆ ಹುಳಿಗೆ ಕೋಟಿಂಗ್ ಬಾಯಿಗೆ ಬರುವಾಗಲೇ ಬಿಚ್ಚಿಕೊಳ್ಳಬಹುದು. ಕ್ಲಾರಿಥ್ರೋಮೈಸಿನ್ ಎಂಬ ಆಂಟಿಬಯೋಟಿಕ್ ಸಿರಪ್ಪನ್ನು ಕಿತ್ತಳೆ ರಸದ ಜೊತೆ ಕೊಟ್ಟರೆ ಕಹಿ ಇನ್ನೂ ಜಾಸ್ತಿಯಾಗುತ್ತದೆ. ಕಾಳುಗಳನ್ನು ಅಗಿದರೂ ಹಾಗೇ. ಅದರ ಬದಲು ಚಾಕೊಲೇಟ್ ಐಸ್‌ಕ್ರೀಮ್ ಒಳ್ಳೆಯ ಜೊತೆ. ತಣ್ಣಗಿದ್ದರೆ ನಾಲಿಗೆ ಸ್ವಲ್ಪ ಮರಗಟ್ಟುತ್ತದೆ, ಕೊಬ್ಬು ಕಹಿಯನ್ನು ತಡೆಯುತ್ತದೆ.

ಚಿಕ್ಕ ಮಗುವಾದರೆ ಸೂಜಿ ಇಲ್ಲದ ಸಿರಿಂಜಿನಲ್ಲಿ ಕೆನ್ನೆಯ ಒಳಬದಿಗೆ, ನಿಧಾನವಾಗಿ ಹಾಕಿ. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ಬೇಡವೇ ಬೇಡ. ಇಡೀ ಲೋಟ ಹಾಲಿಗೆ ಔಷಧಿ ಬೆರೆಸಬೇಡಿ. ಅರ್ಧ ಬಿಟ್ಟರೆ ಡೋಸ್ ಕೂಡ ಅರ್ಧ, ಮೇಲಿಂದ ಹಾಲಿನ ಮೇಲೂ ಬೇಸರ.

ಮಾತ್ರೆ ಪುಡಿ ಮಾಡುವ ಮುಂಚೆ ಮೆಡಿಕಲ್ ಶಾಪ್‌ನಲ್ಲಿರುವ ಫಾರ್ಮಸಿಸ್ಟ್‌ರನ್ನು ಕೇಳಿ. ಎಲ್ಲ ಕೋಟಿಂಗ್ ರುಚಿಗೆ ಅಂತಲೇ ಇರುವುದಿಲ್ಲ. ಅಸಿಡಿಟಿಗೆ ಕೊಡುವ ಪ್ಯಾಂಟೊಪ್ರಜೋಲ್ ಮಾತ್ರೆ ಪುಡಿ ಮಾಡಿದರೆ ಜಠರದ ಆಸಿಡ್ ಔಷಧಿಯನ್ನೇ ಹಾಳು ಮಾಡುತ್ತದೆ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯಾದರೆ ಇಡೀ ದಿನದ ಡೋಸ್ ಒಂದೇ ಸಲ ಮೈಗೆ ಸೇರಬಹುದು, ಅದು ಅಪಾಯ. 'ಇದೇ ಔಷಧಿ ಸಿರಪ್‌ನಲ್ಲಿ, ಇಲ್ಲಾಂದ್ರೆ ನೀರಲ್ಲಿ ಕರಗಿಸುವ ಮಾತ್ರೆಯಾಗಿ ಸಿಗುತ್ತಾ?' ಅಂತಲೂ ಕೇಳಿ. ಮಲೇರಿಯಾದ ಆರ್ಟಿಮೀಥರ್-ಲ್ಯುಮೆಫ್ಯಾಂಟ್ರಿನ್ ಔಷಧಿ 2009ರಲ್ಲಿ ಚೆರ್ರಿ ಫ್ಲೇವರ್‌ನ ಅಂಥ ಮಾತ್ರೆಯಾಗಿ ಮಕ್ಕಳಿಗೆಂದೇ ಬಂತು.